ಹಗುರ ಫ್ಲೈ ರಾಡಿಗೆ ಎಷ್ಟು ತೂಕದ ಲೈನ್ ಹಾಕಬೇಕು?

ಮೀನು ಹಿಡಿಯಲು ತಂದ ಫ್ಲೈ ರಾಡಿನ ಮೇಲೆ 3 ಅಂತ ಬರೆದಿದೆ. 3ನೇ ನಂಬರಿನ ಲೈನನ್ನೇ ತಂದು ಹಾಕಿದ್ದೀರಿ. ಆದರೂ ಕೆರೆ ದಂಡೆಯಲ್ಲಿ ನಿಂತು ಬೀಸಿದರೆ ಲೈನ್ ಮುಂದೆ ಹೋಗದೆ ಕಾಲ ಹತ್ತಿರವೇ ಗುಪ್ಪೆಯಾಗಿ ಬೀಳುತ್ತದೆ, ರಾಡ್ ಬಾಗಿದ್ದೇ ಕೈಗೆ ಗೊತ್ತಾಗುವುದಿಲ್ಲ. ಧಾರವಾಡದ ಕಡೆ ಫ್ಲೈ ರಾಡ್ ಹಿಡಿಯುವವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಹೊಸಬರು ಯಾರು ಸಿಕ್ಕರೂ ಮೊದಲು ಹೇಳುವುದು ಇದನ್ನೇ. ತಮ್ಮ ಕೈಯೇ ಸರಿಯಿಲ್ಲ ಅಂದುಕೊಂಡು ಕೆಲವರು ಬಿಟ್ಟೇ ಬಿಡುತ್ತಾರೆ, ಅದು ನನಗೆ ಬಹಳ ಬೇಜಾರಿನ ವಿಷಯ. ಯಾಕೆಂದರೆ ಎಷ್ಟೋ ಸಲ ಕೈ ಸರಿಯಾಗಿಯೇ ಇರುತ್ತದೆ, ಲೈನಿನ ತೂಕ ಸಾಲದೆ ಇರುತ್ತದೆ.

ಮಾಮೂಲಿ ಗಾಳದಲ್ಲಿ ತೂಕ ಇರುವುದು ತುದಿಯಲ್ಲಿ. ಸೀಸದ ಗುಂಡು ಎಸೆಯುತ್ತೀರಿ, ದಾರ ಅದರ ಹಿಂದೆ ಓಡುತ್ತದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ ಇದ್ದ ಹಾಗೆ, ಹಾರುವುದು ಕಲ್ಲು. ಫ್ಲೈ ಫಿಶಿಂಗ್ ಹಾಗಲ್ಲ. ಕೊಕ್ಕೆಗೆ ಪುಕ್ಕ, ನೂಲು ಸುತ್ತಿ ಮಾಡಿದ ಫ್ಲೈಗೆ ತೂಕವೇ ಇಲ್ಲ ಅನ್ನಬಹುದು. ಎಸೆಯುವುದು ಲೈನನ್ನು, ಫ್ಲೈ ಸುಮ್ನೆ ಅದರ ಜೊತೆ ಹೋಗುತ್ತದೆ. ಹಾಗಾಗಿ ಇದು ಬಾರುಕೋಲಿನ ಕೆಲಸ. ಚಕ್ಕಡಿ ಹೊಡೆಯುವವರನ್ನು ಕೇಳಿ ನೋಡಿ. ಬಾರು ತೀರಾ ಹಗುರವಾದರೆ ಗಾಳಿಯಲ್ಲಿ ತೇಲುತ್ತದೆ, ಎಷ್ಟು ಬೀಸಿದರೂ ಚಟ್ ಅನ್ನುವುದಿಲ್ಲ. ತೀರಾ ಭಾರವಾದರೆ ಕೋಲೇ ಜೋಲುತ್ತದೆ, ಬಾರು ತಡವಾಗಿ ಬಂದು ಬೀಳುತ್ತದೆ. ಕೋಲಿಗೆ ತಕ್ಕ ಬಾರು ಇರಬೇಕು. ಫ್ಲೈ ರಾಡ್ ಮತ್ತು ಲೈನಿನ ಲೆಕ್ಕ ಇಷ್ಟೇ, ಆದರೆ ಆ 'ತಕ್ಕ' ಅನ್ನುವುದು ಎಷ್ಟು ಅನ್ನುವಲ್ಲೇ ಎಲ್ಲರೂ ಎಡವುವುದು.

ಯಾವ ಮೀನಿಗೆ ಈ ಹಗುರ ರಾಡ್ ಅನ್ನುವುದನ್ನೂ ಹೇಳಿಬಿಡುತ್ತೇನೆ. ಅಮೆರಿಕದವರು 'ಪ್ಯಾನ್‌ಫಿಶ್' ಅನ್ನುವುದು ಒಂದು ಜಾತಿಯ ಹೆಸರಲ್ಲ. ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವ ಸಣ್ಣ ಮೀನಿಗೆಲ್ಲ ಅಲ್ಲಿ ಅದೇ ಹೆಸರು. ಬ್ಲೂಗಿಲ್, ಕ್ರಾಪಿ, ಬೇರೆ ಬೇರೆ ಸನ್‌ಫಿಶ್‌ಗಳು ಅದರಲ್ಲಿ ಬರುತ್ತವೆ. ನಮ್ಮ ಕೆರೆಗಳಲ್ಲಿ ಆ ಜಾಗ ತುಂಬುವುದು ಜಿಲೇಬಿ, ಅಂದರೆ ತಿಲಾಪಿಯಾ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ಮೀನು ಇದು, ಈಗ ಎಲ್ಲ ಕಡೆ ಹಬ್ಬಿದೆ. ಬ್ಲೂಗಿಲ್ ಗಂಡು ದಂಡೆಯ ಹತ್ತಿರ ತಳದಲ್ಲಿ ತಟ್ಟೆಯಂಥ ಗುಳಿ ಮಾಡಿ ಕಾವಲು ಕೂರುತ್ತದೆ. ಜಿಲೇಬಿ ಗಂಡೂ ಹಾಗೇ ಗುಳಿ ತೋಡುತ್ತದೆ. ಮೊಟ್ಟೆಯನ್ನು ಮಾತ್ರ ಹೆಣ್ಣು ಬಾಯಲ್ಲಿಟ್ಟುಕೊಂಡು ಹೋಗಿಬಿಡುತ್ತದೆ. ನೀರು ತಿಳಿಯಾಗಿದ್ದ ದಿನ ದಂಡೆಯ ಮೇಲೆ ಬಗ್ಗಿ ನಿಂತರೆ ರೊಟ್ಟಿ ಹಂಚಿನಂಥ ಗುಳಿಗಳು ಸಾಲಾಗಿ ಕಾಣುತ್ತವೆ, ಒಂದೊಂದರ ಮೇಲೂ ಒಂದು ಕಪ್ಪು ಮೀನು ಸುತ್ತುತ್ತಿರುತ್ತದೆ. ಅವು ಇರುವುದು ನಿಮ್ಮಿಂದ 15, 20, ಹೆಚ್ಚೆಂದರೆ 25 ಅಡಿ ದೂರದಲ್ಲಿ. ಈ ದೂರವನ್ನು ನೆನಪಿಡಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಹಿಂದೆ ರೇಷ್ಮೆ ಲೈನ್ ಇದ್ದ ಕಾಲದಲ್ಲಿ ಲೈನಿಗೆ ನಂಬರ್ ಇರಲಿಲ್ಲ, ಅಕ್ಷರ ಇತ್ತು. ದಪ್ಪ ಎಷ್ಟು ಅಂತ ಅಕ್ಷರ ಹೇಳುತ್ತಿತ್ತು. ಎಲ್ಲ ಲೈನೂ ರೇಷ್ಮೆಯದೇ ಆದಾಗ ದಪ್ಪ ಗೊತ್ತಾದರೆ ತೂಕವೂ ಗೊತ್ತಾದಂತೆ. ಆಮೇಲೆ ನೈಲಾನ್ ಬಂತು, ಪಿವಿಸಿ ಲೇಪ ಬಂತು, ಒಂದೇ ದಪ್ಪದ ಎರಡು ಲೈನ್ ಎರಡು ತೂಕ ತೂಗತೊಡಗಿದವು. ಹಾಗಾಗಿ 1961ರಲ್ಲಿ ಅಮೆರಿಕದ ತಯಾರಕರು ಸೇರಿ ತೂಕದ ಮೇಲೆ ನಂಬರ್ ಕೊಡುವ ಪದ್ಧತಿ ತಂದರು. ಲೈನಿನ ಮೊದಲ 30 ಅಡಿ ಎಷ್ಟು ಗ್ರೇನ್ ತೂಗುತ್ತದೆ ಅನ್ನುವುದೇ ಅದರ ನಂಬರ್. ಗ್ರೇನ್ ಅಂದರೆ 0.065 ಗ್ರಾಂ ಅಂತ ಇಟ್ಟುಕೊಳ್ಳಿ. 1ನೇ ನಂಬರಿನ ಲೈನ್ 60 ಗ್ರೇನ್, 2 ಅಂದರೆ 80, 3 ಅಂದರೆ 100, 4 ಅಂದರೆ 120, 5 ಅಂದರೆ 140, 6 ಅಂದರೆ 160. ಗ್ರಾಂ ಲೆಕ್ಕದಲ್ಲಿ 3ನೇ ಲೈನ್ 6.5, 4ನೆಯದು 7.8, 5ನೆಯದು 9.1. ಒಂದು ನಂಬರಿಗೂ ಇನ್ನೊಂದಕ್ಕೂ ನಡುವೆ ಇರುವುದು ಬರೀ 1.3 ಗ್ರಾಂ. 1ರಿಂದ 5ರವರೆಗಿನ ನಂಬರುಗಳಲ್ಲಿ 6 ಗ್ರೇನ್ ಆಚೆ ಈಚೆ ಇದ್ದರೆ ನಡೆಯುತ್ತದೆ, ಅಂದರೆ 94ರಿಂದ 106ರವರೆಗೆ ತೂಗಿದರೂ ಅದು 3ನೇ ಲೈನೇ.

ಈಗ ಮುಖ್ಯವಾದ ಮಾತು. ಈ ನಿಯಮ ಲೈನಿಗೆ ಮಾತ್ರ. ರಾಡಿಗೆ ಇಂಥ ಅಳತೆಯಿಲ್ಲ. ರಾಡಿನ ಮೇಲಿನ 3 ಅಂದರೆ 'ಈ ರಾಡಿಗೆ 3ನೇ ಲೈನ್ ಚೆನ್ನಾಗಿ ಹೊಂದುತ್ತದೆ' ಅನ್ನುವ ತಯಾರಕರ ಅಭಿಪ್ರಾಯ, ಅಷ್ಟೇ. ಅದನ್ನು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಸುಮಾರು 30 ಅಡಿ ಲೈನ್ ರಾಡಿನ ತುದಿಯಿಂದ ಹೊರಗಿರುವ ಕಾಸ್ಟ್, ಅಂದರೆ ಬೀಸು. ನಾವು ನಿಂತಿರುವುದು ಜಿಲೇಬಿ ಗುಳಿಯಿಂದ 20 ಅಡಿ ದೂರ. ಲೆಕ್ಕ ಹಾಕಿ. 3ನೇ ಲೈನಿನ 30 ಅಡಿಗೆ 100 ಗ್ರೇನ್ ಆದರೆ 20 ಅಡಿಗೆ 67. ತುದಿ ಸಣ್ಣಗಿರುವುದರಿಂದ ನಿಜವಾಗಿ ಇನ್ನೂ ಸ್ವಲ್ಪ ಕಡಿಮೆ. ಅಂದರೆ 100 ಗ್ರೇನ್ ಕೇಳುವ ರಾಡಿಗೆ ನೀವು 67 ಕೂಡ ಕೊಡುತ್ತಿಲ್ಲ. ಅದು ಬಾಗುವುದಾದರೂ ಹೇಗೆ, ಅಲ್ವಾ? ಅದೇ ರಾಡಿಗೆ 4ನೇ ಲೈನ್ ಹಾಕಿದರೆ 20 ಅಡಿಗೆ ಸುಮಾರು 80 ಗ್ರೇನ್ ಸಿಗುತ್ತದೆ, 5ನೆಯದು ಹಾಕಿದರೆ 93.

ಆದ್ದರಿಂದ ನಾನು ಯಾರಿಗಾದರೂ ಮೊದಲು ಹೇಳುವುದು ಇದು. ಸಣ್ಣ ಮೀನಿಗೆ ಹತ್ತಿರದಿಂದ ಹಾಕುವವರು ರಾಡಿನ ನಂಬರಿಗಿಂತ ಒಂದು ನಂಬರ್ ಜಾಸ್ತಿ ಲೈನ್ ಹಾಕಿ. 2ಕ್ಕೆ 3, 3ಕ್ಕೆ 4, 4ಕ್ಕೆ 5. ರಾಡ್ ಮುರಿಯುತ್ತದೇನೋ ಅನ್ನುವ ಭಯ ಬೇಡ. 3ನೇ ಲೈನನ್ನೇ 40 ಅಡಿ ಹೊರಗೆ ಬಿಟ್ಟರೆ ಅದು ಸುಮಾರು 130 ಗ್ರೇನ್ ಆಗುತ್ತದೆ, ಅದನ್ನೂ ರಾಡ್ ಹೊರುತ್ತದೆ. ಹತ್ತಿರದ ಕಾಸ್ಟಿನಲ್ಲಿ 4ನೇ ಲೈನಿನ 80 ಗ್ರೇನ್ ಅದಕ್ಕೆ ಏನೇನೂ ಅಲ್ಲ.

ಆದರೆ ಎಲ್ಲ ರಾಡಿಗೂ ಇದೇ ಮಾತು ಹೇಳಲಾರೆ. ಗಟ್ಟಿ ಸ್ವಭಾವದ, ತುದಿಯಲ್ಲಷ್ಟೇ ಬಾಗುವ ಗ್ರಾಫೈಟ್ ರಾಡುಗಳಿಗೆ ಒಂದು ನಂಬರ್ ಏರಿಸಲೇಬೇಕು, 25 ಅಡಿ ಮೀರಿ ನೀವು ಹಾಕುವುದೇ ಇಲ್ಲ ಅನ್ನುವುದಾದರೆ ಎರಡೂ ಏರಿಸಬಹುದು. ಫೈಬರ್‌ಗ್ಲಾಸ್ ರಾಡ್ ಬೇರೆ ತರಹ. ಅದು ಹಿಡಿಯವರೆಗೂ ನಿಧಾನವಾಗಿ ಬಾಗುತ್ತದೆ, 15 ಅಡಿ ಲೈನಿಗೂ ಕೈಗೆ ತಿಳಿಯುತ್ತದೆ. ಅದಕ್ಕೆ ಬರೆದ ನಂಬರನ್ನೇ ಹಾಕಿ. ಬಿದಿರಿನ ರಾಡಿಗೂ ಹಾಗೆಯೇ. ನನ್ನನ್ನು ಕೇಳಿದರೆ ಜಿಲೇಬಿಗೆ 7 ಅಡಿ ಚಿಲ್ಲರೆ ಉದ್ದದ, 3ನೇ ನಂಬರಿನ ಗ್ಲಾಸ್ ರಾಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಅಂಗೈಯಗಲದ ಮೀನು ಹಿಡಿದೆಳೆದರೂ ಅದು ಮೊಣಕೈವರೆಗೆ ಗೊತ್ತಾಗುತ್ತದೆ.

ಈಗ ಪೆಟ್ಟಿಗೆಯ ಮೇಲಿನ ನಂಬರನ್ನು ಎಷ್ಟು ನಂಬಬೇಕು ಅನ್ನುವ ವಿಷಯ. ನನ್ನ ಮೊದಲ ರಾಡ್ 3ನೇ ನಂಬರಿನ ಗಟ್ಟಿ ಗ್ರಾಫೈಟ್. 3ನೇ ಲೈನ್ ಸಾಲಲಿಲ್ಲ ಅಂತ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ 4ನೇ ಲೈನ್ ತರಿಸಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಎರಡು ತಿಂಗಳು ಕೈ ತಿದ್ದಿಕೊಳ್ಳುವುದರಲ್ಲೇ ಕಳೆದೆ. ಕೊನೆಗೆ ಒಂದು ದಿನ ಆ ಲೈನನ್ನೂ, ಗೆಳೆಯನ 3ನೇ ಲೈನನ್ನೂ ಎತ್ತಿಕೊಂಡು ನಮ್ಮ ಓಣಿಯ ಪತ್ತಾರ ಕಾಕಾನ ಅಂಗಡಿಗೆ ಹೋದೆ. ಬಂಗಾರ ತೂಗುವ ತಕ್ಕಡಿ ಗ್ರಾಮಿನ ನೂರನೇ ಭಾಗದವರೆಗೂ ತೋರಿಸುತ್ತದೆ, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಏನಿದೆ?

"ಏನ್ರೀ ಇದು, ದಾರ ತೂಗಾಕ ಬಂದೀರಿ?" ಅಂದರು. ವಿಷಯ ಹೇಳಿದ ಮೇಲೆ ತಾವೇ ಎದ್ದು ಫ್ಯಾನ್ ಬಂದ್ ಮಾಡಿದರು, ತಟ್ಟೆ ಒರೆಸಿದರು, ತಕ್ಕಡಿಯನ್ನು ಸೊನ್ನೆಗೆ ತಂದರು. ನಾನು ಮನೆಯಲ್ಲೇ ಟೇಪಿನಿಂದ 9 ಮೀಟರ್ 14 ಸೆಂಟಿಮೀಟರ್ ಅಳೆದು ಅಲ್ಲಿಗೆ ಕೆಂಪು ದಾರದ ಗುರುತು ಕಟ್ಟಿಕೊಂಡು ಬಂದಿದ್ದೆ. 30 ಅಡಿ ಅಂದರೆ ಅಷ್ಟೇ. ಗುರುತಿನವರೆಗೆ ಬಳೆಯ ಹಾಗೆ ಸುತ್ತಿ ತಟ್ಟೆಯ ಮೇಲಿಟ್ಟೆ. ಉಳಿದ ಲೈನನ್ನು ತಟ್ಟೆಯ ಮಟ್ಟಕ್ಕೇ ಸಡಿಲವಾಗಿ ಕೈಯಲ್ಲಿ ಹಿಡಿದೆ, ಅದು ಕೆಳಗೆ ಜೋತರೆ ತೂಕ ಹೆಚ್ಚು ತೋರಿಸುತ್ತದೆ. ನನ್ನ '4ನೇ' ಲೈನ್ 6.41 ಗ್ರಾಂ ಬಂತು. ಅಂದರೆ 99 ಗ್ರೇನ್. ಅದು ನಿಜವಾಗಿ 3ನೇ ಲೈನ್. ಗೆಳೆಯನ '3ನೇ' ಲೈನ್ 7.70 ಗ್ರಾಂ, ಅಂದರೆ 119 ಗ್ರೇನ್, ಅದು ನಿಜಕ್ಕೂ 4. "ಅರ್ಧ ತೊಲಿ ಮ್ಯಾಲ ಚೂರು ಐತಿ, ಇಷ್ಟರಾಗ ಅಷ್ಟು ಫರಕ ಆಗತೈತೇನು?" ಅಂತ ಕಾಕಾ ಕೇಳಿದರು. ಆಗುತ್ತದೆ. ಆ ಸಂಜೆ ಗೆಳೆಯನ ಲೈನನ್ನು ನನ್ನ ರಾಡಿಗೆ ಹಾಕಿ ಬೀಸಿದಾಗ ರಾಡ್ ಮೊದಲ ಸಲ ಕೈಯಲ್ಲಿ ಜೀವ ಬಂದ ಹಾಗೆ ಬಾಗಿತು.

ಆದ್ದರಿಂದ ಹೊಸ ಲೈನ್ ಬಂದ ಕೂಡಲೇ ತೂಗಿ. ಒಣಗಿರಬೇಕು, ಲೀಡರ್ (ಲೈನಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರ) ಬಿಚ್ಚಿರಬೇಕು. ತುದಿಯಲ್ಲಿ ಒಂದೇ ದಪ್ಪದ ಕೆಲವು ಇಂಚು ಬಿಟ್ಟಿರುತ್ತಾರೆ, ನಿಯಮದ ಪ್ರಕಾರ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ನಮ್ಮ ಕೆಲಸಕ್ಕೆ ಅದು ಅಷ್ಟು ಮುಖ್ಯವಲ್ಲ. ಗ್ರಾಂ ಅಂಕಿಯನ್ನು 0.065ರಿಂದ ಭಾಗಿಸಿದರೆ ಗ್ರೇನ್ ಸಿಗುತ್ತದೆ. ಇನ್ನೊಂದು ಎಚ್ಚರಿಕೆ. ಗಟ್ಟಿ ರಾಡುಗಳಿಗೆ ಅಂತಲೇ ಈಗ ಬರುವ ಎಷ್ಟೋ ಲೈನುಗಳು ಬರೆದ ನಂಬರಿಗಿಂತ ಅರ್ಧ ಅಥವಾ ಒಂದು ನಂಬರ್ ಭಾರ ಇರುತ್ತವೆ. ಒಳ್ಳೆ ತಯಾರಕರು ಪೆಟ್ಟಿಗೆಯ ಹಿಂದೆ ಗ್ರೇನ್ ತೂಕವನ್ನೂ ಬರೆದಿರುತ್ತಾರೆ, ಅದನ್ನು ಓದಿ. ಅಂಥ 'ಭಾರದ 4' ತಂದು 3ನೇ ರಾಡಿಗೆ ಹಾಕಿದರೆ ನಿಮಗೆ ಗೊತ್ತಿಲ್ಲದೆ ಎರಡು ನಂಬರ್ ಏರಿಸಿದ ಹಾಗಾಗುತ್ತದೆ.

ತೂಕ ಗೊತ್ತಾದ ಮೇಲೆ ಹುಲ್ಲಿನ ಮೈದಾನಕ್ಕೆ ಹೋಗಿ, ನೀರಿಗಲ್ಲ. ಫ್ಲೈ ಜಾಗದಲ್ಲಿ ಅರ್ಧ ಇಂಚು ಕೆಂಪು ಉಣ್ಣೆ ಕಟ್ಟಿ. 20 ಅಡಿ ಲೈನ್ ಹೊರಗೆ ಬಿಟ್ಟು ಹಿಂದಕ್ಕೆ ಬೀಸಿ, ಲೈನ್ ಹಿಂದೆ ನೇರವಾಗುವವರೆಗೆ ತಡೆದು, ಮುಂದಕ್ಕೆ ಬೀಸಿ. ಲೈನ್ ಹಗುರವಾಗಿದ್ದರೆ ರಾಡ್ ಕೋಲಿನ ಹಾಗೆ ಸೆಟೆದಿರುತ್ತದೆ, ನೀವು ಜೋರು ಮಾಡುತ್ತೀರಿ, ಜೋರು ಮಾಡಿದಷ್ಟೂ ಲೂಪ್ (ಗಾಳಿಯಲ್ಲಿ ಲೈನ್ ಮಡಚಿಕೊಂಡು ಹೋಗುವ ಬಾಗು) ಒಡೆದು ಲೈನ್ ಗಂಟಾಗುತ್ತದೆ. ಭಾರವಾಗಿದ್ದರೆ ರಾಡಿನ ತುದಿ ತಡವಾಗಿ ಎದ್ದು ನಿಂತು ಇನ್ನೆರಡು ಸಲ ಅಲುಗುತ್ತದೆ, ಲೂಪ್ ಅಗಲವಾಗಿ ತೆರೆದು ಲೈನ್ ಧಪ್ ಅಂತ ಬೀಳುತ್ತದೆ. ಸರಿಯಾಗಿದ್ದರೆ ಜೋರು ಬೇಕಾಗುವುದೇ ಇಲ್ಲ. ಮಣಿಕಟ್ಟು ತಿರುಗಿಸದೆ ಮುಂಗೈ ಅಲುಗಿಸಿ ನಿಲ್ಲಿಸಿದರೆ ಸಾಕು, ಉಳಿದದ್ದನ್ನು ರಾಡ್ ಮಾಡುತ್ತದೆ. ಆಮೇಲೆ ಕಣ್ಣು ಮುಚ್ಚಿ ಹತ್ತು ಸಲ ಬೀಸಿ ನೋಡಿ. ಲೈನ್ ಹಿಂದೆ ನೇರವಾದಾಗ ಒಂದು ಸಣ್ಣ ಎಳೆತ ಅಂಗೈಗೆ ಬರಬೇಕು. ಅದು ಬರದಿದ್ದರೆ ಇನ್ನೊಂದು ನಂಬರ್ ಏರಿಸಿ.

ಸಿಮೆಂಟ್ ಅಂಗಳದಲ್ಲಿ ಮಾತ್ರ ಬೀಸಬೇಡಿ, ಲೇಪ ತರಚಿ ಹೋಗುತ್ತದೆ. ಎರಿ ಹೊಲದಲ್ಲೂ ಬೇಡ. ಮಳೆ ಬಿದ್ದ ಮೇಲಿನ ಎರಿ ಮಣ್ಣು ಲೈನಿಗೆ ಹತ್ತಿತು ಅಂದರೆ ಅದರ ತೂಕವೂ ಕೆಟ್ಟಿತು, ನುಣುಪೂ ಹೋಯಿತು. ಹತ್ತಿದ್ದೇ ಆದರೆ ಉಗುರುಬೆಚ್ಚಗಿನ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆ ಬಟ್ಟೆ. ಪೆಟ್ರೋಲ್, ಥಿನ್ನರ್ ಹತ್ತಿರವೂ ಬೇಡ.

ಗಾಳಿಯ ಬಗ್ಗೆ ಹೇಳದೆ ಇದ್ದರೆ ನಮ್ಮ ಕಡೆ ಈ ಬರಹಕ್ಕೆ ಅರ್ಥವಿಲ್ಲ. ಆಷಾಢದ ಗಾಳಿ ಹೇಗಿರುತ್ತದೆ ಅಂತ ಧಾರವಾಡದವರಿಗೆ ಹೇಳಬೇಕಿಲ್ಲ. ಗದಗಿನ ಕಡೆ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲವಲ್ಲ. ಆ ಗಾಳಿಗೆ 1, 2ನೇ ನಂಬರಿನ ರಾಡ್ ತೆಗೆದುಕೊಂಡು ಹೋದರೆ ದಿನ ವ್ಯರ್ಥ. 4ನೇ ರಾಡಿಗೆ 5ನೇ ಲೈನ್ ಹಾಕಿ, ಲೀಡರನ್ನು 6 ಅಡಿಗೆ ಇಳಿಸಿ, ನೀರಿನ ಮಟ್ಟಕ್ಕೆ ಹತ್ತಿರವಾಗಿ ಅಡ್ಡ ಬೀಸಿ. ಪಾಪರ್ (ನೀರಿನ ಮೇಲೆ ತೇಲುತ್ತಾ ಸದ್ದು ಮಾಡುವ ಫ್ಲೈ) ಹಾಕುವವರಿಗೂ ಇದೇ ಮಾತು. ಮೀನು ಸಣ್ಣದು ಅಂತ ಫ್ಲೈ ಹಗುರ ಅಂದುಕೊಳ್ಳಬೇಡಿ. ಪಾಪರಿನ ಅಗಲ ಮುಖ ಗಾಳಿಯನ್ನು ಕೊಡೆಯ ಹಾಗೆ ಹಿಡಿಯುತ್ತದೆ. ಲೈನಿನ ನಂಬರನ್ನು ನಿರ್ಧರಿಸುವುದು ಮೀನಿನ ಗಾತ್ರವಲ್ಲ, ಫ್ಲೈ ಮತ್ತು ಗಾಳಿ. ಕೊಕ್ಕೆಯ ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು. 12, 14ನೇ ಕೊಕ್ಕೆಗೆ ಹಸಿರು ನೂಲು ಸುತ್ತಿದ ಸಣ್ಣ ನಿಂಫ್ (ನೀರೊಳಗಿನ ಮರಿಹುಳದಂಥ ಫ್ಲೈ) ಆದರೆ 2, 3ನೇ ಲೈನೂ ಸುಖವಾಗಿ ಒಯ್ಯುತ್ತದೆ. 8ನೇ ಕೊಕ್ಕೆಯ ಪಾಪರ್ ಆದರೆ 4, 5 ಬೇಕು.

ಆಕಾರದ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಪೆಟ್ಟಿಗೆಯ ಮೇಲೆ 'ಡಿಟಿ' ಅಂತಿದ್ದರೆ ನಡುವೆಲ್ಲ ಒಂದೇ ದಪ್ಪ, ಎರಡೂ ತುದಿ ಸಣ್ಣ. ಒಂದು ತುದಿ ಹಾಳಾದರೆ ತಿರುಗಿಸಿ ಹಾಕಬಹುದು, ದುಡ್ಡು ಉಳಿಯುತ್ತದೆ. 'ಡಬ್ಲ್ಯೂಎಫ್' ಅಂದರೆ ತೂಕವೆಲ್ಲ ಮುಂಭಾಗದಲ್ಲಿ. ಹತ್ತಿರದ ಕಾಸ್ಟಿಗೆ, ಅದರಲ್ಲೂ ಮುಂಭಾಗದ ಇಳಿಜಾರು ಗಿಡ್ಡವಾಗಿದ್ದರೆ, ಡಬ್ಲ್ಯೂಎಫ್ ಬೇಗ ರಾಡನ್ನು ಬಾಗಿಸುತ್ತದೆ. ಕೊನೆಯಲ್ಲಿ 'ಎಫ್' ಇದ್ದರೆ ತೇಲುವ ಲೈನ್, ನಮಗೆ ಬೇಕಾದದ್ದು ಅದೇ. ಕೆರೆ ಏರಿಯ ಹಿಂದೆ ಬಳ್ಳಾರಿ ಜಾಲಿ ಬೆಳೆದು ಹಿಂದಕ್ಕೆ ಬೀಸಲು ಜಾಗವೇ ಇಲ್ಲದ ಕಡೆ ಲೈನನ್ನು ನೀರಿನ ಮೇಲಿಂದಲೇ ಮುಂದಕ್ಕೆ ಉರುಳಿಸುವ ರೋಲ್ ಕಾಸ್ಟ್ ಮಾಡುತ್ತೇವಲ್ಲ, ಅಲ್ಲಿ ನಿಮ್ಮ ಮುಂದಿರುವ ಲೈನಿನ ತೂಕವೇ ಎಲ್ಲ. ಅಲ್ಲೂ ಒಂದು ನಂಬರ್ ಜಾಸ್ತಿ ಇದ್ದರೆ ಅನುಕೂಲ.

ಏರಿಸಿದ್ದಕ್ಕೆ ಒಂದು ಬೆಲೆ ತೆರಬೇಕಾಗುತ್ತದೆ. ಭಾರದ ಲೈನ್ ನೀರಿಗೆ ಬೀಳುವಾಗ ಸದ್ದು ಮಾಡುತ್ತದೆ. ಚಳಿಗಾಲದ ಮುಂಜಾನೆ, ಮಳೆ ನಿಂತು ವರದಾ ನದಿ ತಿಳಿಯಾಗಿ ಮಡುಗಳಲ್ಲಿ ನಿಂತಾಗ, ಒಂದು ಲೈನ್ ಧಪ್ ಅಂದರೆ ಸಣ್ಣ ಬೆಳ್ಳಿ ಮೀನುಗಳೆಲ್ಲ ಚದುರಿಬಿಡುತ್ತವೆ. ಆಗ ನಾನು ಗ್ಲಾಸ್ ರಾಡಿಗೆ ಬರೆದ ನಂಬರಿನ ಲೈನನ್ನೇ ಹಾಕುತ್ತೇನೆ, ಲೀಡರನ್ನು ಏಳೂವರೆ ಅಡಿಯಿಂದ 9 ಅಡಿಗೆ ಉದ್ದ ಮಾಡುತ್ತೇನೆ. ಲೀಡರಿನ ತುದಿಯ ತೀರಾ ತೆಳು ದಾರ, ಅಂದರೆ ಟಿಪ್ಪೆಟ್, 5ಎಕ್ಸ್ ದಪ್ಪದ್ದು, 0.15 ಮಿಲಿಮೀಟರ್. ಕಲ್ಲು, ಜೊಂಡು ಇದ್ದಲ್ಲಿ 4ಎಕ್ಸ್, 0.18. ಎಕ್ಸ್ ಅಂಕಿಯನ್ನು 11ರಿಂದ ಕಳೆದರೆ ಇಂಚಿನ ಸಾವಿರದ ಎಷ್ಟನೇ ಭಾಗ ದಪ್ಪ ಅನ್ನುವುದು ಸಿಗುತ್ತದೆ, ಪಟ್ಟಿ ಇಟ್ಟುಕೊಳ್ಳುವ ಗೋಜಿಲ್ಲ.

ನಂಬರ್ ಅಳಿಸಿಹೋದ ಹಳೆ ರಾಡ್ ಯಾರಾದರೂ ಕೊಟ್ಟರೆ ಎಸೆಯಬೇಡಿ. ಹಿಡಿಯನ್ನು ಮೇಜಿಗೆ ಅಡ್ಡ ಕಟ್ಟಿ, ತುದಿಯ ರಿಂಗಿಗೆ ತೆಳು ಪ್ಲಾಸ್ಟಿಕ್ ಚೀಲ ತೂಗುಹಾಕಿ, ಅದರೊಳಗೆ ಜೋಳ ಹಾಕುತ್ತಾ ಹೋಗಿ. ತುದಿ ರಾಡಿನ ಉದ್ದದ ಮೂರನೇ ಒಂದು ಭಾಗ ಕೆಳಗಿಳಿದಾಗ ನಿಲ್ಲಿಸಿ, ಚೀಲ ತೂಗಿ. ನಂಬರ್ ಗೊತ್ತಿರುವ ಇನ್ನೊಂದು ರಾಡಿಗೂ ಹೀಗೇ ಮಾಡಿ ಎರಡನ್ನೂ ಹೋಲಿಸಿ. ಅಮೆರಿಕದಲ್ಲಿ ಇದನ್ನೇ ಸೆಂಟ್ ನಾಣ್ಯ ಹಾಕಿ ಮಾಡುತ್ತಾರೆ. ಜೋಳ ಇನ್ನೂ ಒಳ್ಳೆಯದು, ಕಾಳು ಕಾಳಾಗಿ ಹಾಕಬಹುದು.

ನೀರಿಗೆ ಇಳಿಯುವ ಮುಂಚೆ ಒಂದು ಮಾತು. ನಮ್ಮ ಎಷ್ಟೋ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಕೊಟ್ಟಿರುತ್ತಾರೆ. ಅಲ್ಲಿ ಬಲೆ ಹಾಕುವವರಿಗೆ ಅದೇ ಹೊಟ್ಟೆಪಾಡು. ಮೊದಲು ಕೇಳಿ, 'ಹಿಡಿದು ಬಿಡ್ತೀನ್ರೀ ಅಣ್ಣಾ' ಅಂದರೆ ಬೇಡ ಅನ್ನುವವರು ಕಡಿಮೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಾತ್ರ ರಾಡ್ ಒಯ್ಯಲೇಬೇಡಿ. ಅದು ಸಂರಕ್ಷಿತ ಹಕ್ಕಿಗಳ ತಾಣ, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಬರಿಗೈಯಲ್ಲಿ ಹೋಗಿ.

ಇನ್ನು ಲೈನ್ ತೂಗಿಸಿದ ದಿನವೇ ಸಣ್ಣ ಬಿಳಿ ಪಟ್ಟಿಯ ಮೇಲೆ ಗ್ರಾಂ ಅಂಕಿ ಬರೆದು ರೀಲಿನ ಒಳಬದಿಗೆ ಅಂಟಿಸಿಬಿಡಿ. ನನ್ನ ಮೂರು ರೀಲುಗಳ ಮೇಲೆ ಈಗ 6.4, 7.7, 9.2 ಅಂತ ಇದೆ. ಬೆಳಿಗ್ಗೆ ಐದಕ್ಕೆ ಟಾರ್ಚ್ ಬೆಳಕಲ್ಲಿ ರೀಲ್ ಆರಿಸುವಾಗ ನಾನು ನೋಡುವುದು ಆ ಅಂಕಿಯನ್ನು, ಆಮೇಲೆ ಬಾಗಿಲು ತೆಗೆದು ಗಾಳಿಯನ್ನು.